ಮಗಳಿಗೊಂದು ಪತ್ರ: 1984ಕ್ಕಿಂತ ಮುಂಚಿನ ವರ್ಷಗಳು

ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.

ಚಿರಂಜೀವಿ ಸುಮಾಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಭಾನುವಾರದಿಂದ ನಿನ್ನ ಅಮ್ಮ ನನ್ನೊಡನೆ ಸರಿಯಾಗಿ ಮಾತನಾಡುತ್ತಿಲ್ಲ ಎಂಬುದನ್ನು ಬಿಟ್ಟರೆ ಹೇಳಿಕೊಳ್ಳುವಂಥ ತೊಂದರೆಯೇನೂ ಇಲ್ಲ. ಅಂದು ಫೋನಿನಲ್ಲಿ ನೀನು, ಈ ತಿಂಗಳ ಕೊನೆಗೆ ಕೆಲಸಕ್ಕೆ ರಾಜೀನಾಮೆ ಕೊಟ್ಟು, ನಿಮ್ಮ ಬ್ಯಾಂಡ್ ಒಡೆದು ಇಷ್ಟು ಕಾಲವಾದ ಮೇಲೆ ನೀನೊಬ್ಬಳೇ ಹಾಡಿದ ಆಲ್ಬಂ ತರುತ್ತೇನೆಂದೆ. ನಲವತ್ತು ದಾಟಿದವಳ ರಾಕ್ ಹಾಡನ್ನು ಯಾರು ಕೇಳುತ್ತಾರೆಂದು ನಾನು ಕೇಳಿದೆ. ಅಮೆರಿಕದ ರಾಕ್ ಗಾಯಕಿ ಟೀನಾ ಟರ್ನರ್ ಗೆದ್ದದ್ದು ನಲವತ್ತನಾಲ್ಕಕ್ಕೆ ಎಂದು ಹೇಳಿ ನೀನು ಫೋನ್ ಇಟ್ಟುಬಿಟ್ಟೆ. ನಾನು ಕೇಳಿದ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ; ಕೇಳಿದ ದನಿ ಒರಟಾಯಿತು, ಅದಕ್ಕೆ ಬೇಸರವಿದೆ.

ಆ ಗಾಯಕಿಯ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಬಹುದೆಂದು ನೀನು ಎಣಿಸಿದ್ದು ಆಶ್ಚರ್ಯ. ನಮ್ಮೂರಿನ ಆಂಗ್ಲೋ-ಇಂಡಿಯನ್ ಮನೆಗಳ ಕಿಟಕಿಯಿಂದ ಆಕೆಯ ಹಾಡು ಬೀದಿಗೆ ಬೀಳುತ್ತಿದ್ದ ಕಾಲದಿಂದ ನನಗೆ ಆ ದನಿ ಗೊತ್ತು. ನೀನು 1984ನ್ನು ನೋಡುತ್ತಿದ್ದೀಯೆ: ‘ಪ್ರೈವೇಟ್ ಡ್ಯಾನ್ಸರ್’ ಆಲ್ಬಂ ಬಂದದ್ದು, ಅದರ ಒಂದು ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿದ್ದು, ಮರುವರ್ಷ ಗ್ರ್ಯಾಮಿ ಪ್ರಶಸ್ತಿಗಳು ಬಂದದ್ದು. ನನ್ನ ಕಣ್ಣು ಹೋಗುವುದು ಅದಕ್ಕೆ ಹಿಂದಿನ ಎಂಟು ವರ್ಷಗಳ ಕಡೆಗೆ. 1976ರ ಜುಲೈಯಲ್ಲಿ, ಹೊಡೆಯುತ್ತಿದ್ದ ಗಂಡ ಐಕ್ ಟರ್ನರನನ್ನು ಬಿಟ್ಟು ಡಲ್ಲಾಸಿನ ಹೋಟೆಲಿನಿಂದ ಹೊರಬಿದ್ದಾಗ ಆಕೆಯ ಬಳಿ ಇದ್ದದ್ದು 36 ಸೆಂಟು ಮತ್ತು ಒಂದು ಪೆಟ್ರೋಲ್ ಕಾರ್ಡು. ರದ್ದಾದ ಕಾರ್ಯಕ್ರಮಗಳ ಸಾಲ ಆಕೆಯ ತಲೆಗೇ ಬಂತು. 1978ರಲ್ಲಿ ವಿಚ್ಛೇದನ ಮುಗಿದಾಗ ಹಣ ಕೇಳಲಿಲ್ಲ, ಟೀನಾ ಟರ್ನರ್ ಎಂಬ ಹೆಸರನ್ನು ಉಳಿಸಿಕೊಂಡಳು. ಆಮೇಲೆ ಬಂದ ಎರಡು ಆಲ್ಬಂಗಳು ಬಿದ್ದುಹೋದವು. ಸಾಲ ತೀರಿಸಲು ಹೋಟೆಲುಗಳಲ್ಲಿ, ಲಾಸ್ ವೇಗಾಸಿನ ಕ್ಯಾಬರೆಗಳಲ್ಲಿ ಹಾಡಿದಳು. ‘ಪ್ರೈವೇಟ್ ಡ್ಯಾನ್ಸರ್’ ಆಕೆಯ ಮೊದಲ ಸ್ವಂತ ಆಲ್ಬಂ ಅಲ್ಲ ಸುಮಾ, ಐದನೆಯದು. ಲಂಡನ್ನಿನಲ್ಲಿ ಅದರ ಧ್ವನಿಮುದ್ರಣ ಕೆಲವೇ ವಾರಗಳಲ್ಲಿ ಮುಗಿಯಿತು ಎಂದರೆ ಜನ ಬೆರಗಾಗುತ್ತಾರೆ. ರಾತ್ರಿ ರಾತ್ರಿ ಕೂಲಿಗೆ ಹಾಡಿ ಹದವಾಗಿದ್ದ ಗಂಟಲಿಗೆ ಅದರಲ್ಲಿ ಬೆರಗೇನಿತ್ತು?

ನನ್ನ ಹೆದರಿಕೆ ಏನೆಂದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ನನಗೆ ನಲವತ್ತಾರು. ಆ ವರ್ಷದ ಮನೆಯ ಕಥೆಯನ್ನು ಬಿಡು, ನೀನೂ ಉಂಡವಳೇ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದ ನೂರಾರು ಜನರ ನಡುವೆ ನಾನೂ ನಿಂತು ಹೋಗಿ, ಅಲ್ಲಿ ಒಂದು ಅಪಾರ್ಟ್‌ಮೆಂಟಿನ ಕಾವಲುಗಾರನಾಗಿ ಸೇರಿಕೊಂಡ ದಿನ, ಗುತ್ತಿಗೆದಾರ ಹಳೆಯ ಸಮವಸ್ತ್ರವೊಂದನ್ನು ಕೊಟ್ಟ. ಅಂಗಿಯ ಜೇಬಿನ ಮೇಲೆ ಹಿಂದಿನವನ ಹೆಸರಿನ ಪಟ್ಟಿಯನ್ನು ಕಿತ್ತ ಗುರುತಿತ್ತು. ನಾಲ್ಕು ಮೂಲೆಯಲ್ಲಿ ಸೂಜಿಯ ತೂತು, ಒಂದು ಕಡೆ ಕಿತ್ತುಬರದೆ ಉಳಿದ ಕಪ್ಪು ದಾರ, ನಡುವೆ ಬಿಸಿಲು ತಾಗದೆ ಗಾಢವಾಗಿಯೇ ಉಳಿದಿದ್ದ ನೀಲಿ. ಗಣಿಯ ಉಗ್ರಾಣದ ಲೆಕ್ಕದ ಪುಸ್ತಕದಲ್ಲಿ ಪ್ರತಿ ಪುಟದ ಕೆಳಗೆ ಸಹಿ ಹಾಕುತ್ತಿದ್ದವನು ಆ ಅಂಗಿಯೊಳಗೆ ಬರಿಯ ‘ಸೆಕ್ಯುರಿಟಿ’ ಆಗಿಬಿಟ್ಟೆ. ಅಲ್ಲಿ ಯಾರೂ ಒಮ್ಮೆಯೂ ನನ್ನ ಹೆಸರು ಕೇಳಲಿಲ್ಲ. ನಿನ್ನ ಅಮ್ಮ ಆ ದಾರವನ್ನು ಕತ್ತರಿಯಿಂದ ತೆಗೆದಳು, ಅದೇ ಅಳತೆಯ ಬಟ್ಟೆಯನ್ನು ಮೇಲೆ ಹೊಲಿಯಲೂ ನೋಡಿದಳು, ಬಣ್ಣ ಹೊಂದಲಿಲ್ಲ. ನಲವತ್ತು ದಾಟಿ ಹೊಸಬರಾಗಿ ನಿಲ್ಲುವುದೆಂದರೆ ನನ್ನ ಕಣ್ಣಿಗೆ ಬರುವುದು ಆ ಜೇಬು. ಟೀನಾ ಟರ್ನರ್ ಹಣ ಬಿಟ್ಟು ಹೆಸರನ್ನೇ ಏಕೆ ಕೇಳಿದಳೆಂದು ಓದಿದವರಿಗಿಂತ ಚೆನ್ನಾಗಿ ನನಗೆ ಅರ್ಥವಾಗುತ್ತದೆ.

ಉಪದೇಶ ಮಾಡಬಾರದೆಂದುಕೊಂಡೇ ಕುಳಿತಿದ್ದೇನೆ. ಆದರೂ ಮನೆಯ ಸಾಲದ ಕಂತು ಎಷ್ಟು ಬಾಕಿ ಇದೆ ಎಂಬುದನ್ನು ಮೊದಲು ಬರೆದಿಟ್ಟುಕೊ. ಭವಿಷ್ಯನಿಧಿಯನ್ನು ಸ್ಟುಡಿಯೋ ಬಾಡಿಗೆಗೆ ಒಡೆಯಬೇಡ. ರಾಜೀನಾಮೆಯ ಬದಲು ಸಂಬಳವಿಲ್ಲದ ರಜೆ ಸಿಗುತ್ತದೆಯೇ ಕೇಳಿ ನೋಡು. ಧ್ವನಿಮುದ್ರಣಕ್ಕೆ ಮೊದಲು ವಾರಕ್ಕೆರಡು ಸಂಜೆಯಾದರೂ ಎಲ್ಲಾದರೂ ಜನರ ಮುಂದೆ ಹಾಡು, ಹತ್ತೇ ಜನರಿದ್ದರೂ ಸರಿ. ಕೋಣೆಯಲ್ಲಿ ಹಾಡಿದ ಗಂಟಲು ಬೇರೆ, ಕೂಲಿಗೆ ಹಾಡಿದ ಗಂಟಲು ಬೇರೆ. ಬೆಳಿಗ್ಗೆ ಎದ್ದಾಗ ದನಿ ಒಡೆದಿದ್ದರೆ ಅಂದು ಹಾಡಬೇಡ, ಮಾತನ್ನೂ ಕಡಿಮೆ ಮಾಡು. ಕರಾರಿಗೆ ಸಹಿ ಹಾಕುವ ಮುನ್ನ ಕಾಗದವನ್ನು ನನಗೆ ಕಳಿಸು. ಹಾಡು ಬರೆದವರಿಗೂ ರಾಗ ಹಾಕಿದವರಿಗೂ ಬರಬೇಕಾದ ರಾಯಧನದ ಪಾಲನ್ನು ಬಿಟ್ಟುಕೊಡುವಂತೆ ಬರೆಸಿಕೊಳ್ಳಲು 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಅವಕಾಶ ಕೊಡುವುದಿಲ್ಲ. ಎರಡನ್ನೂ ಮಾಡಿದವಳು ನೀನೇ ಆದ್ದರಿಂದ ಯಾರಾದರೂ ಒಂದೇ ಸಲಕ್ಕೆ ಇಷ್ಟು ಹಣವೆಂದು ಮುಗಿಸಲು ಬಂದರೆ ಎದ್ದು ಬಾ. ಹೊದಿಕೆಯ ಮೇಲೆ ನಿನ್ನ ಪೂರ್ತಿ ಹೆಸರಿರಲಿ. ಬ್ಯಾಂಡಿನ ಹಳೆಯ ಹೆಸರನ್ನು ಆಸರೆಗೆಂದು ಪಕ್ಕದಲ್ಲಿ ಹಾಕಿಸಬೇಡ.

ನೀನು ಅಮ್ಮನಿಗೆ ಕಳಿಸಿದ್ದ ಎರಡು ಹಾಡುಗಳನ್ನು ಅವಳು ಮಲಗಿದ ಮೇಲೆ ಕೇಳಿದೆ. ಮೊದಲನೆಯದರಲ್ಲಿ ಮೇಲಿನ ಸ್ವರಕ್ಕೆ ಹೋದಾಗ ಬರುವ ಆ ಸೀಳು ನಿನ್ನ ಇಪ್ಪತ್ತರ ದನಿಯಲ್ಲಿ ಇರಲಿಲ್ಲ. ಈಗಿನದೇ ಒಳ್ಳೆಯದು, ಯಾರು ಹೇಳಿದರೂ ಅದನ್ನು ಯಂತ್ರದಲ್ಲಿ ನಯ ಮಾಡಿಸಬೇಡ. ಎರಡನೆಯದರ ಚರಣದಲ್ಲಿ ಡ್ರಮ್ಸ್ ನಿನ್ನ ಮಾತನ್ನು ನುಂಗುತ್ತಿದೆ, ಪಲ್ಲವಿ ಒಂದು ಸಲ ಹೆಚ್ಚಾಯಿತು. ಅದನ್ನು ಸರಿಮಾಡಿ ಮತ್ತೆ ಕಳಿಸು. ಈ ಸಲ ನನ್ನ ನಂಬರಿಗೇ ಕಳಿಸು.

ಇಂತಿ,
ನಿನ್ನ ಅಪ್ಪ