ಬಸಿರಿನಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆಗೆ ಆತುರವೇಕೆ?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಅಣ್ಣನ ಮಗಳ ಸೀಮಂತಕ್ಕೆ ಹೋಗಿದ್ದೆ. ಬಳೆ ತೊಡಿಸುವ ಶಾಸ್ತ್ರ ಮುಗಿದ ಮೇಲೆ ಆಕೆ ನನ್ನನ್ನು ಒಳಕೋಣೆಗೆ ಕರೆದು ಮೊಬೈಲಿಗೆ ಬಂದಿದ್ದ ಒಂದು ಜಾಹೀರಾತನ್ನು ತೋರಿಸಿದಳು. ಹೆರಿಗೆ ಸಿಸೇರಿಯನ್ ಆದರೆ ಅದೇ ಅರಿವಳಿಕೆಯಲ್ಲಿ ಹೊಟ್ಟೆಯ ಸಡಿಲ ಚರ್ಮವನ್ನೂ ಕತ್ತರಿಸಿ ಬಿಗಿ ಮಾಡಿಕೊಡುವುದಾಗಿ ಅದರಲ್ಲಿತ್ತು. ಕಂತಿನಲ್ಲಿ ಹಣ ಕಟ್ಟುವ ಅನುಕೂಲವೂ ಇತ್ತು. “ಅತ್ತೆ, ಹೇಗಿದ್ದರೂ ಒಂದು ಸಲ ಕುಯ್ಯುತ್ತಾರಲ್ಲ, ಎರಡೂ ಒಟ್ಟಿಗೇ ಆಗಿಹೋಗಲಿ ಅನ್ನಿಸುತ್ತೆ” ಎಂದಳು. ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಇಪ್ಪತ್ತೆಂಟು ವರ್ಷ ಶುಶ್ರೂಷಕಿಯಾಗಿದ್ದ ನಾನು ಅವಳಿಗೆ ಕೊಟ್ಟ ಉತ್ತರವನ್ನೇ ತಮ್ಮ ಓದುಗರ ಮುಂದೆಯೂ ಇಡುತ್ತಿದ್ದೇನೆ.

ಗರ್ಭಿಣಿಗೆ ಶಸ್ತ್ರಚಿಕಿತ್ಸೆಯೇ ಕೂಡದು ಎಂದು ಯಾರೂ ಹೇಳುವುದಿಲ್ಲ. ಅಪೆಂಡಿಕ್ಸ್ ಕೆರಳಿದರೆ, ಅಂಡಾಶಯ ತಿರುಚಿಕೊಂಡರೆ ಎಷ್ಟು ತಿಂಗಳಾಗಿದ್ದರೂ ಮಾಡಲೇಬೇಕು. ಅಲ್ಲಿ ತಡವೇ ಅಪಾಯ. ಅಮೆರಿಕದ ಪ್ರಸೂತಿ ತಜ್ಞರ ಸಂಘದ ಸಲಹೆಯೂ ಇದೇ: ಅಗತ್ಯವಾದದ್ದನ್ನು ಯಾವ ತಿಂಗಳಲ್ಲೂ ನಿರಾಕರಿಸಬಾರದು, ಮುಂದೂಡಬಹುದಾದದ್ದನ್ನು ಹೆರಿಗೆಯ ನಂತರಕ್ಕೆ ಇಟ್ಟುಕೊಳ್ಳಬೇಕು. ಮೂಗು ತಿದ್ದಿಸುವುದು, ಕೊಬ್ಬು ತೆಗೆಸುವುದು, ಸ್ತನದ ಆಕಾರ ಬದಲಿಸುವುದು ಇವೆಲ್ಲ ಮುಂದೂಡಬಹುದಾದವೇ.

ಅಪಾಯದ ಮಾತಿಗೆ ಬರುವುದಾದರೆ, ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸಾಮಾನ್ಯಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು, ಹೆರಿಗೆಯಾದ ಮೊದಲ ವಾರಗಳಲ್ಲಂತೂ ಇನ್ನೂ ಹೆಚ್ಚು. ಹೊಟ್ಟೆ ಬಿಗಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಮುಖ್ಯವಾಗಿ ಹೆದರುವುದೂ ಕಾಲಿನಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಕೂರುವುದಕ್ಕೇ. ಐದು ತಿಂಗಳು ದಾಟಿದ ಮೇಲೆ ಅಂಗಾತ ಮಲಗಿಸಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಾಯಿಯ ಬಿಪಿ ಇಳಿಯುತ್ತದೆ, ಮಗುವಿಗೆ ಹೋಗುವ ರಕ್ತವೂ ತಗ್ಗುತ್ತದೆ. ಅದಕ್ಕಾಗಿಯೇ ಸಿಸೇರಿಯನ್ ಮೇಜಿನ ಮೇಲೆ ನಾವು ಬಲಸೊಂಟದ ಕೆಳಗೆ ಮಡಿಸಿದ ಬಟ್ಟೆ ಇಟ್ಟು ತಾಯಿಯನ್ನು ಸ್ವಲ್ಪ ಎಡಕ್ಕೆ ವಾಲಿಸುತ್ತಿದ್ದೆವು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ತೀರಿಕೊಂಡದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ಬಸಿರಿಲ್ಲದ ದೇಹಕ್ಕೂ ಇದು ಹಗುರವಾದ ಕೆಲಸವಲ್ಲ.

ಆದರೆ ಅಣ್ಣನ ಮಗಳಿಗೆ ನಾಟಿದ್ದು ಈ ಹೆದರಿಕೆಯಲ್ಲ, ಅಳತೆಯ ಮಾತು. ಹೆರಿಗೆಯಾದ ಗಳಿಗೆಯಲ್ಲಿ ಸುಮಾರು ಒಂದು ಕೆ.ಜಿ. ತೂಗುವ ಗರ್ಭಕೋಶ ಆರು ವಾರಗಳಲ್ಲಿ ನೂರು ಗ್ರಾಂಗಿಂತ ಕೆಳಗಿಳಿಯುತ್ತದೆ; ಮೈಯಲ್ಲಿ ತುಂಬಿಕೊಂಡ ನೀರು ಇಳಿಯುತ್ತದೆ; ಅಗಲಿದ ಹೊಟ್ಟೆಯ ಸ್ನಾಯುಗಳು ಎಷ್ಟೋ ಜನರಲ್ಲಿ ತಾವಾಗಿಯೇ ಹತ್ತಿರ ಸರಿಯುತ್ತವೆ. ಎದೆಹಾಲು ಬಿಡಿಸಿದ ಮೇಲೆ ಸ್ತನದ ಆಕಾರ ಮತ್ತೊಮ್ಮೆ ಬದಲಾಗುತ್ತದೆ. ಹೀಗೆ ದಿನದಿನಕ್ಕೂ ಬದಲಾಗುತ್ತಿರುವ ಮೈಗೆ ಹೆರಿಗೆಯ ದಿನವೇ ಅಳತೆ ಹಿಡಿದು ಚರ್ಮ ಕತ್ತರಿಸಿದರೆ, ಯಾವ ನುರಿತ ಕೈಯಾದರೂ ಅಂದಾಜಿನಲ್ಲೇ ಕತ್ತರಿಸಬೇಕು. ಹೊಲಿಗೆ ಹಾಕಿದ ಬಿಗಿ ಹೊಟ್ಟೆಯಲ್ಲಿ ಎರಡು ಗಂಟೆಗೊಮ್ಮೆ ಎದ್ದು ಹಾಲೂಡಿಸುವ ಕಷ್ಟ ಬೇರೆ. ಇನ್ನು ಕೆನ್ನೆಯ ಬಂಗು ಬಹುಪಾಲು ಹೆಂಗಸರಲ್ಲಿ ಹೆರಿಗೆಯ ನಂತರ ತಿಳಿಯಾಗುತ್ತದೆ. ಅದಕ್ಕೆಂದು ರೆಟಿನಾಯ್ಡ್ (ವಿಟಮಿನ್ ‘ಎ’ ಬಗೆಯ ಔಷಧ) ಇರುವ ಮುಲಾಮನ್ನು ಈಗ ಹಚ್ಚುವುದು ಬೇಡ. ಮೊಡವೆಗೆ ಕೊಡುವ, ಅದೇ ಜಾತಿಯ ಐಸೊಟ್ರೆಟಿನಾಯಿನ್ ಮಾತ್ರೆಯಂತೂ ಮಗುವಿನ ಅಂಗಾಂಗ ಕೆಡಿಸುವುದಕ್ಕೇ ಕುಖ್ಯಾತವಾದದ್ದು.

ಇದನ್ನೆಲ್ಲ ಹುಡುಗಿಯರ ಶೋಕಿ ಎಂದು ಜರೆಯುವವರ ಜತೆ ನಾನಿಲ್ಲ. ಬಾಣಂತಿಯನ್ನು ನೋಡಲು ಬಂದು, ಮಗುವಿನ ಮುಖ ನೋಡುವ ಮೊದಲೇ “ಹೊಟ್ಟೆ ಇನ್ನೂ ಇಳಿದೇ ಇಲ್ವಲ್ಲೇ” ಎನ್ನುವವರು ನಾವೇ ಅಲ್ಲವೇ? ಬಾಣಂತನದಲ್ಲಿ ಹೊಟ್ಟೆಗೆ ಸೀರೆ ಬಿಗಿಯುತ್ತಿದ್ದ ನಮ್ಮಮ್ಮನ ಉಪಾಯದಿಂದ ಹೊಟ್ಟೆ ಇಳಿಯುತ್ತಿತ್ತೋ ಇಲ್ಲವೋ ನಾನು ಪ್ರಮಾಣ ಮಾಡಲಾರೆ. ಅದನ್ನು ಬೇಡವೆನಿಸಿದಾಗ ಬಿಚ್ಚಬಹುದಿತ್ತು. ವರ್ಷ ಕಳೆದು, ಮಗು ಹಾಲು ಬಿಟ್ಟು, ಮತ್ತೊಂದು ಮಗು ಬೇಡವೆಂದು ತೀರ್ಮಾನಿಸಿದ ಮೇಲೂ ಮನಸ್ಸಿದ್ದರೆ ಮಾಡಿಸಿಕೊಳ್ಳಲಿ, ಆಗ ನಾನೇ ಜತೆಗೆ ಹೋಗುತ್ತೇನೆ ಎಂದು ಅವಳಿಗೆ ಹೇಳಿದ್ದೇನೆ.

ನನ್ನ ಆಕ್ಷೇಪವಿರುವುದು ಆ ಜಾಹೀರಾತಿನ ಬಗ್ಗೆ. ಹೀಗೆ ರೋಗಿಗಳನ್ನು ಸೆಳೆಯುವುದು ವೈದ್ಯರಿಗಾಗಲಿ ಸಂಸ್ಥೆಗಳಿಗಾಗಲಿ ತರವಲ್ಲವೆಂದು ವೈದ್ಯಕೀಯ ವೃತ್ತಿಯ 2002ರ ನೀತಿ ನಿಯಮಾವಳಿಯೇ ಹೇಳುತ್ತದೆ. ಜಾಹೀರಾತಿನ ಕೆಳಗಿದ್ದ ಅರ್ಜಿ ನಮೂನೆಯನ್ನು ಇಬ್ಬರೂ ಕೂತು ಓದಿದೆವು. ಹೆಸರು, ಮೊಬೈಲ್ ಸಂಖ್ಯೆ, ಊರು, ಯಾವ ಚಿಕಿತ್ಸೆ, ಕಂತು ಎಷ್ಟು ತಿಂಗಳಿಗೆ ಎಂದೆಲ್ಲ ಕೇಳಿದ್ದರು. ಬೇರೆ ಚಿಕಿತ್ಸೆಗಳಿಗೂ ಅದೇ ನಮೂನೆಯಾಗಿದ್ದರೂ ಕೊನೆಯ ಮುಟ್ಟಿನ ದಿನಾಂಕಕ್ಕೆ ಒಂದು ಸಾಲಿನ ಜಾಗವಿರಲಿಲ್ಲ. ನಮ್ಮ ಹಳೆಯ ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಬಾಗಿಲಲ್ಲಿ ‘ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ’ ಎಂಬ ಫಲಕವಿದೆ. ಅಂಥದೊಂದು ಫಲಕವನ್ನು ಸೌಂದರ್ಯ ಚಿಕಿತ್ಸಾಲಯಗಳ ಬಾಗಿಲಿಗೂ, ಆ ಒಂದು ಸಾಲನ್ನು ಅವುಗಳ ನಮೂನೆಗೂ ಆರೋಗ್ಯ ಇಲಾಖೆ ಕಡ್ಡಾಯ ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ಶುಶ್ರೂಷಕಿ, ಹಾಸನ