ನಾಯಿಯ ಚಿಗಟದ ಔಷಧ ಬೆಕ್ಕಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಬೆಕ್ಕು ಸಾಕಿದವರಿಗೆ ಚಿಗಟದ ಕಾಟ ಜಾಸ್ತಿ. ಬೆಚ್ಚಗೂ ತೇವವೂ ಇರುವ ಹವೆ ಚಿಗಟಕ್ಕೆ ಚೆನ್ನಾಗಿ ಒಗ್ಗುತ್ತದೆ. ಎಲ್ಲರೂ ಔಷಧದ ಅಂಗಡಿಗೆ ಓಡುತ್ತಾರೆ, ಅಲ್ಲಿಯೇ ಅನಾಹುತ ಶುರುವಾಗುತ್ತದೆ. ನಾಯಿಗೆಂದು ಮಾಡಿದ ಚಿಗಟದ ಔಷಧ ಹಾಕಿದರೆ ಬೆಕ್ಕು ಸಾಯಬಹುದು. ಸಾಕುವವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತಿಲ್ಲ, ಮಾರುವವರಲ್ಲೂ ಕೆಲವರಿಗೆ ಗೊತ್ತಿಲ್ಲ.

ನಮ್ಮ ಓಣಿಯ ಒಬ್ಬರು ಅಂಗಡಿಗೆ ಹೋಗಿ ಬೆಕ್ಕಿಗೆ ಅಂತ ಹೇಳಿಯೇ ಔಷಧ ಕೇಳಿದ್ದರು. ಕೊಟ್ಟಿದ್ದು ಮೈಮೇಲೆ ಹನಿಸುವ ನಾಯಿಯ ಡ್ರಾಪ್ಸ್. "ಬೆಕ್ಕಿಗೂ ನಡೀತದರಿ, ಅರ್ಧ ಹಾಕ್ರಿ ಸಾಕು" ಅಂದರಂತೆ. ಸಂಜೆ ಹಾಕಿದರು. ರಾತ್ರಿ ಹೊತ್ತಿಗೆ ಬೆಕ್ಕಿನ ಕಿವಿ ಪಟಪಟ ಅದುರತೊಡಗಿತು, ಆಮೇಲೆ ಬಾಯಿಂದ ಜೊಲ್ಲು, ಕಾಲುಗಳಲ್ಲಿ ನಡುಕ, ಎತ್ತಿ ನಿಲ್ಲಿಸಿದರೆ ಒಂದು ಕಡೆಗೆ ವಾಲಿ ಬೀಳುವುದು. ಹೊತ್ತಿಗೆ ಸರಿಯಾಗಿ ಡಾಕ್ಟರ್ ಸಿಕ್ಕರು, ಬೆಕ್ಕು ಉಳಿಯಿತು. ಎಲ್ಲರಿಗೂ ಹಾಗೆ ಸಿಗುವುದಿಲ್ಲ ಅಲ್ವಾ?

ಕಾರಣ ಪರ್ಮೆಥ್ರಿನ್ ಎಂಬ ಔಷಧ. ನಾಯಿಯ ಲಿವರ್ ಇದನ್ನು ಕರಗಿಸಿ ಹೊರಗೆ ಹಾಕುತ್ತದೆ. ಬೆಕ್ಕಿನ ಲಿವರ್‌ಗೆ ಆ ಶಕ್ತಿ ತೀರಾ ಕಡಿಮೆ, ಹಾಗಾಗಿ ಔಷಧ ಮೈಯಲ್ಲೇ ಉಳಿದು ನರಗಳಿಗೆ ಏರುತ್ತದೆ. ನಾಯಿಯ ಕೆಲವು ಡ್ರಾಪ್ಸ್‌ಗಳಲ್ಲಿ ಇದು ಶೇ 40ಕ್ಕಿಂತ ಜಾಸ್ತಿ ಇರುತ್ತದೆ. ಅದರಲ್ಲಿ ಅರ್ಧ ಹಾಕಿದರೂ ವಿಷವೇ, ಕಾಲು ಭಾಗ ಹಾಕಿದರೂ ವಿಷವೇ. ಎಮ್ಮೆ-ಆಕಳ ಉಣ್ಣಿಗೆ ಹಾಕುವ ಡೆಲ್ಟಾಮೆಥ್ರಿನ್, ಹತ್ತಿ ಹೊಲಕ್ಕೆ ಹೊಡೆಯುವ ಸೈಪರ್‌ಮೆಥ್ರಿನ್ ಇದೇ ಜಾತಿಯವು. ಮನೆಯಲ್ಲಿ ಇದೆಯಲ್ಲ ಅಂತ ಬಾಟಲಿಯಿಂದ ನಾಲ್ಕು ಹನಿ ನೀರಿಗೆ ಹಾಕಿ ಬೆಕ್ಕಿಗೆ ಸವರುವವರು ದಯವಿಟ್ಟು ನಿಲ್ಲಿಸಿ. ನಾಯಿಯ ಉಣ್ಣಿಗೆ ಬಳಸುವ ಅಮಿಟ್ರಾಜ್ ಕೂಡ ಬೆಕ್ಕಿಗೆ ಆಗದು. ಮನೆಯಲ್ಲಿ ನಾಯಿ, ಬೆಕ್ಕು ಎರಡೂ ಇದ್ದರೆ ನಾಯಿಗೆ ಪರ್ಮೆಥ್ರಿನ್ ಹಾಕುವ ಮುಂಚೆ ಡಾಕ್ಟರನ್ನು ಕೇಳಿ, ಯಾಕೆಂದರೆ ಹಾಕಿದ ಔಷಧ ಇನ್ನೂ ಒಣಗದ ನಾಯಿಯನ್ನು ಉಜ್ಜಿಕೊಂಡು ಮಲಗಿದ ಬೆಕ್ಕಿಗೂ ವಿಷ ಏರುತ್ತದೆ.

ಮನೆಮದ್ದು ಅಂತ ಕರ್ಪೂರ, ನುಸಿಗುಳಿಗೆ, ಬೆಳ್ಳುಳ್ಳಿ ಬಳಸುವವರೂ ಇದ್ದಾರೆ. ಮೂರೂ ಬೆಕ್ಕಿಗೆ ಕೆಟ್ಟದ್ದು. ಫಿನಾಯಿಲ್ ಹಾಕಿ ನೆಲ ಒರೆಸಿದರೆ ಬೆಕ್ಕು ಅದೇ ನೆಲದ ಮೇಲೆ ಓಡಾಡಿ ಪಾದ ನೆಕ್ಕಿಕೊಳ್ಳುತ್ತದೆ, ಅದೂ ಹೊಟ್ಟೆಗೆ ಹೋಗುತ್ತದೆ.

ಹಾಗಾದರೆ ಏನು ಹಾಕಬೇಕು? ಬೆಕ್ಕಿಗೆಂದೇ ಬರುವ ಫಿಪ್ರೊನಿಲ್ ಅಥವಾ ಸೆಲಮೆಕ್ಟಿನ್ ಡ್ರಾಪ್ಸ್ ಇವೆ. ಪ್ಯಾಕೆಟ್ ಮೇಲೆ ಬೆಕ್ಕಿನ ಚಿತ್ರ ಇದೆಯಾ, ತೂಕ ಹೊಂದುತ್ತದೆಯಾ ನೋಡಿ. ನಾಲಿಗೆ ಎಟುಕದ ಜಾಗ ಅಂದರೆ ಕತ್ತಿನ ಹಿಂಭಾಗ, ಅಲ್ಲಿ ಕೂದಲು ಸರಿಸಿ ಚರ್ಮ ಕಾಣುವ ಹಾಗೆ ಮಾಡಿ ಹನಿಸಬೇಕು, ಸುಮ್ನೆ ಕೂದಲಿನ ಮೇಲೆ ಸುರಿದರೆ ಪ್ರಯೋಜನವಿಲ್ಲ. ಮನೆಯಲ್ಲಿ ಎಷ್ಟು ಬೆಕ್ಕು ಇದ್ದಾವೋ ಅಷ್ಟಕ್ಕೂ ಹಾಕಬೇಕು. ತೀರಾ ಸಣ್ಣ ಮರಿಗಳಿಗೆ ಡಾಕ್ಟರನ್ನು ಕೇಳದೆ ಏನೂ ಹಾಕಬೇಡಿ, ಒತ್ತು ಹಲ್ಲಿನ ಬಾಚಣಿಕೆಯಿಂದ ಬಾಚಿ, ಸಿಕ್ಕ ಚಿಗಟವನ್ನು ಸೋಪಿನ ನೀರಿಗೆ ಹಾಕಿ. ಮರಿಯ ಒಸಡು ಬೆಳ್ಳಗಾಗಿದ್ದರೆ ಮಾತ್ರ ತಡ ಮಾಡಬೇಡಿ, ಚಿಗಟ ರಕ್ತ ಹೀರಿಯೇ ಸಣ್ಣ ಮರಿ ಸತ್ತುಹೋಗುತ್ತದೆ.

"ನಮ್ಮ ಬೆಕ್ಕು ಹೊಸ್ತಿಲು ದಾಟುವುದೇ ಇಲ್ಲ, ಅದಕ್ಕೆಲ್ಲಿಂದ ಚಿಗಟ?" ಅಂತ ಬಹಳ ಜನ ಕೇಳುತ್ತಾರೆ. ಪ್ಯಾಂಟಿನ ಅಂಚಿಗೆ ಹತ್ತಿಕೊಂಡು ಬರುತ್ತದೆ, ಇಲಿಯ ಮೈಮೇಲೆ ಬರುತ್ತದೆ, ಕಿಟಕಿಯಲ್ಲಿ ಬಂದು ಕೂರುವ ಬೀದಿ ಬೆಕ್ಕಿನಿಂದ ಬರುತ್ತದೆ. ಬಾಡಿಗೆ ಮನೆ ಬದಲಿಸಿದವರಿಗೆ ಹಿಂದಿನವರು ಬಿಟ್ಟುಹೋದ ಚಿಗಟವೂ ಸಿಗುತ್ತದೆ: ಗೂಡಿನೊಳಗಿನ ಕೋಶ (ಹುಳು ಚಿಗಟವಾಗುವ ಮುಂಚಿನ ಹಂತ) ತಿಂಗಳುಗಟ್ಟಲೆ ಬಿರುಕಿನಲ್ಲಿ ಸುಮ್ಮನೆ ಬಿದ್ದಿದ್ದು, ಯಾರೋ ನಡೆದಾಡಿದ ಅದುರು, ಮೈಯ ಬಿಸಿ ತಾಗಿದ ಕೂಡಲೇ ಒಡೆದು ಹೊರಬರುತ್ತದೆ.

ಚಿಗಟ ಇದೆಯೋ ಇಲ್ಲವೋ ತಿಳಿಯಲು ಬಿಳಿ ಕಾಗದದ ಮೇಲೆ ಬೆಕ್ಕನ್ನು ನಿಲ್ಲಿಸಿ ಬಾಲದ ಬುಡ ಬಾಚಿ. ಉದುರಿದ ಕರಿ ಪುಡಿಯನ್ನು ಒದ್ದೆ ಹತ್ತಿಯಿಂದ ಒತ್ತಿ. ಕೆಂಪು-ಕಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ, ಅಂದರೆ ಬೆಕ್ಕಿನದೇ ರಕ್ತ. ಬರೀ ಮಣ್ಣಾದರೆ ಕೆಂಪು ಬರುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಬೆಕ್ಕಿನ ಮೈಮೇಲೆ ಕಾಣುವುದು ಒಟ್ಟು ಚಿಗಟದಲ್ಲಿ ಶೇ 5ರಷ್ಟು ಮಾತ್ರ, ಉಳಿದದ್ದೆಲ್ಲ ಮೊಟ್ಟೆ, ಹುಳು, ಕೋಶವಾಗಿ ಮನೆಯಲ್ಲೇ ಇರುತ್ತದೆ. ಒಂದು ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು, ಮೊಟ್ಟೆ ಕೂದಲಿಗೆ ಅಂಟುವುದಿಲ್ಲ, ಬೆಕ್ಕು ಮಲಗಿದಲ್ಲೆಲ್ಲ ಉದುರುತ್ತದೆ. ನಮ್ಮ ಕಡೆ ಬೆಕ್ಕು ಮಲಗುವುದು ಕೌದಿಯ ಮೇಲೆ. ಆ ಕೌದಿಯನ್ನು ತಿರುವಿ ಹೊಲಿಗೆಯ ಸಾಲು ಅಗಲಿಸಿ ನೋಡಿ, ಬಿಳಿ ಮೊಟ್ಟೆ, ಕರಿ ಹಿಕ್ಕೆ ಎರಡೂ ಜೊತೆಗೇ ಸಿಗುತ್ತವೆ, ಹುಳು ಬೆಳೆಯುವುದು ಆ ಹಿಕ್ಕೆ ತಿಂದೇ. ವಾರಕ್ಕೊಮ್ಮೆ ಕೌದಿ, ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮೂಲೆ, ಸೋಫಾದ ಸಂದು, ಮಂಚದ ಕೆಳಗೆ ಚೆನ್ನಾಗಿ ಗುಡಿಸಿ ಕಸವನ್ನು ಚೀಲಕ್ಕೆ ಕಟ್ಟಿ ಅವತ್ತೇ ಹೊರಗೆ ಹಾಕಿ. ಔಷಧ ಹಾಕಿದ ಮೇಲೂ ಕೆಲವು ವಾರ ಹೊಸ ಚಿಗಟ ಕಾಣುತ್ತಲೇ ಇರುತ್ತವೆ, ಕೋಶಗಳು ಒಡೆಯುತ್ತಿರುತ್ತವಲ್ಲ, ಹಾಗಂತ ಔಷಧ ಕೆಲಸ ಮಾಡಲಿಲ್ಲ ಅಂದುಕೊಂಡು ಅಂಗಡಿಗೆ ಹೋಗಿ ಇನ್ನೂ ಖಾರದ್ದು ಕೇಳಬೇಡಿ. ತಿಂಗಳಿಗೊಮ್ಮೆಯಂತೆ ಮೂರು ತಿಂಗಳಾದರೂ ಹಾಕಿ. ಚಿಗಟ ನುಂಗಿದ ಬೆಕ್ಕಿಗೆ ಲಾಡಿಹುಳು ಆಗಬಹುದು, ಬಾಲದ ಕೆಳಗೆ ಅಕ್ಕಿಕಾಳಿನಂಥ ಚೂರು ಕಂಡರೆ ಜಂತಿನ ಔಷಧವನ್ನೂ ಕೇಳಿ.

ತಪ್ಪಿ ನಾಯಿಯ ಔಷಧ ಬಿದ್ದಿದ್ದರೆ, ಬೆಕ್ಕಿಗೆ ಫಿಟ್ಸ್ ಬಂದಿಲ್ಲದಿದ್ದರೆ, ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಬಿಸಿನೀರು ಬೇಡ, ಬಿಸಿಗೆ ಔಷಧ ಇನ್ನೂ ಬೇಗ ಒಳಗೆ ಇಳಿಯುತ್ತದೆ. ಒರೆಸಿ, ಬಟ್ಟೆ ಸುತ್ತಿ, ಔಷಧದ ಡಬ್ಬಿ ಸಮೇತ ಆಸ್ಪತ್ರೆಗೆ ಓಡಿ. ಇದಕ್ಕೆ ಪ್ರತಿವಿಷ ಇಲ್ಲ, ನಡುಕ ನಿಲ್ಲಿಸಿ ಬೆಕ್ಕನ್ನು ಕಾಯುವುದೇ ಚಿಕಿತ್ಸೆ, ಆದ್ದರಿಂದ ಒಂದೊಂದು ಗಂಟೆಯೂ ಮುಖ್ಯ.

ಔಷಧದ ಅಂಗಡಿಯವರಲ್ಲಿ ನನ್ನ ವಿನಂತಿ: "ನಾಯಿಗೋ ಬೆಕ್ಕಿಗೋ" ಅಂತ ಕೇಳಿ, ಬೆಕ್ಕಿನ ಪ್ಯಾಕೆಟ್ ಇಲ್ಲದಿದ್ದರೆ ಇಲ್ಲ ಅನ್ನಿ. ಡಬ್ಬಿಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿ, ಅದೂ ಸಣ್ಣ ಅಕ್ಷರದಲ್ಲಿ ಇರುತ್ತದೆ, ಓದಲು ಬಾರದ ಅಜ್ಜಿಯೂ ಬೆಕ್ಕು ಸಾಕುತ್ತಾಳೆ. ಪಶುಪಾಲನಾ ಇಲಾಖೆಯವರು ಧಾರವಾಡ, ಗದಗ, ಹಾವೇರಿಯ ಪಶು ಆಸ್ಪತ್ರೆಗಳ ಗೋಡೆಗೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಲಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದವರಿಗೆ ಬೆಕ್ಕಿನ ವಿಷಯದಲ್ಲೂ ಮೊದಲು ಏನು ಮಾಡಬೇಕೆಂದು ಹೇಳುವಂತಾಗಲಿ. ಗದಗಿನ ಪಶುವೈದ್ಯಕೀಯ ಕಾಲೇಜಿನವರು ಆ ಹಾಳೆ ಬರೆದುಕೊಟ್ಟರೆ ಇನ್ನೂ ಒಳ್ಳೆಯದು, ನೀವೂ ಅದನ್ನು ಒಮ್ಮೆ ಪತ್ರಿಕೆಯಲ್ಲಿ ಅಚ್ಚು ಹಾಕಿ.

— ಒಬ್ಬ ಓದುಗರು, ಧಾರವಾಡ