ಲಗ್ನಪತ್ರಿಕೆಯಲ್ಲಿ ‘ಸಹಕುಟುಂಬ ಪರಿವಾರ’, ದೋಣಿಯಲ್ಲಿ ಎಷ್ಟು ಮಂದಿ?

ಮಾನ್ಯ ಸಂಪಾದಕರೇ,

ನನ್ನ ಮಗಳಿಗೆ ರಿಸೆಪ್ಶನ್ ದೋಣಿ ಮೇಲೇ ಆಗಬೇಕಂತೆ. ಅದೂ ಪಣಜಿಯ ಮಾಂಡೋವಿ ನದಿಯಲ್ಲಿ. ಮಾಂಡೋವಿ ಅಂದರೆ ನಮ್ಮ ಮಹದಾಯಿಯೇ. ಅದರ ನೀರು ಹುಬ್ಬಳ್ಳಿಗೆ ಬರಲಿ ಅಂತ ಎಷ್ಟು ವರ್ಷ ಕಾದೆವು, ಈಗ ನಾವೇ ರೇಷ್ಮೆ ಸೀರೆ ಉಟ್ಟುಕೊಂಡು ನೀರಿನ ಹತ್ತಿರ ಹೊರಟಿದ್ದೇವೆ. ಇರಲಿ. ಅಳಿಯನಾಗುವ ಹುಡುಗ ಅಲ್ಲೇ ಕೆಲಸದಲ್ಲಿದ್ದಾನೆ, ಅನಮೋಡ ಘಾಟ್ ಇಳಿದರೆ ನಾಲ್ಕೈದು ತಾಸಿನ ದಾರಿ, ಆಗಲಿ ಅಂದೆ. ಉಣಕಲ್ ಕೆರೆಯಲ್ಲೇ ಮಾಡು ಅಂದ ನನ್ನ ತಮ್ಮ. ಅಂತರಗಂಗೆ ಕಳೆಯ ನಡುವೆ ಮದುಮಕ್ಕಳನ್ನು ಕೂರಿಸೋಣವಾ ಅಂತ ಕೇಳಿದೆ, ಸುಮ್ಮನಾದ.

ಎರಡು ದಿನ ಪಣಜಿಯ ದಡದಲ್ಲಿ ಅಲೆದು ಬಂದೆ. ಮೊದಲು ಹೋದ ಕಡೆ ಲೈಟಿಂಗ್, ಡಿಜೆ, ಹೂವಿನ ಕಮಾನು ಎಲ್ಲದರ ಫೋಟೋ ತೋರಿಸಿದರು. ಎಷ್ಟು ಮಂದಿ ಹಿಡಿಸುತ್ತಾರೆ ಅಂದರೆ, “ನಿಮ್ಮವರು ಎಷ್ಟು ಹೇಳಿ, ಅಡ್ಜಸ್ಟ್ ಮಾಡೋಣ” ಅಂದರು. ಕಲ್ಯಾಣ ಮಂಟಪದಲ್ಲಿ ಇನ್ನೊಂದು ಪಂಕ್ತಿ ಹಾಕಬಹುದು, ನೀರಿನ ಮೇಲೆ ಏನು ಅಡ್ಜಸ್ಟ್ ಮಾಡ್ತಾರೆ? 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ಇಂಥ ದೋಣಿಗೆ ನೋಂದಣಿ ಬೇಕು, ದೋಣಿ ಪರೀಕ್ಷಿಸಿ ಕೊಡುವ ಸರ್ವೆ ಸರ್ಟಿಫಿಕೇಟ್ ಬೇಕು. ಅದನ್ನು ಕೇಳಿದ್ದಕ್ಕೆ ವಾಟ್ಸ್‌ಆ್ಯಪ್ ಮಾಡ್ತೀವಿ ಅಂದವರು ಇವತ್ತಿನವರೆಗೂ ಮಾಡಿಲ್ಲ.

ಇನ್ನೊಂದು ದೋಣಿಯಲ್ಲಿ ಆ ಕಾಗದ ಲ್ಯಾಮಿನೇಟ್ ಆಗಿ ಸ್ಟಿಯರಿಂಗ್ ಪಕ್ಕದಲ್ಲೇ ನೇತಾಡುತ್ತಿತ್ತು. ಚಾಲಕ ವಯಸ್ಸಾದವರು, ನಮ್ಮ ಕಾರವಾರ ಕಡೆಯವರು. ತಮಗೆ ಭಯ ಅಲೆಯದ್ದಲ್ಲ, ಫೋಟೋಗ್ರಾಫರ್‌ನದು ಅಂದರು. ಅವನು “ಎಲ್ಲರೂ ಈ ಕಡೆ ಬನ್ನಿ” ಅಂದ ಕೂಡಲೇ ಬೀಗರು, ನೆಂಟರು, ಮಕ್ಕಳು ಎಲ್ಲಾ ಒಂದೇ ಬದಿಗೆ ಓಡುತ್ತಾರೆ, ದೋಣಿ ಆ ಬದಿಗೆ ವಾಲುತ್ತದೆ. ಅದಕ್ಕೇ ಅವರು ಮೇಲಿನ ಡೆಕ್ಕಿನ ನಡುವೆ ಉದ್ದಕ್ಕೆ ಒಂದು ಹಗ್ಗ ಕಟ್ಟಿಟ್ಟಿದ್ದಾರೆ, ಅರ್ಧ ಮಂದಿ ಆಚೆ, ಅರ್ಧ ಮಂದಿ ಈಚೆ. ಮುಹೂರ್ತದ ಜೊತೆ ಉಬ್ಬರ-ಇಳಿತದ ವೇಳೆಯನ್ನೂ ನೋಡಿಕೊಳ್ಳಿ ಅಂದರು. ಇಳಿತದ ಹೊತ್ತಿಗೆ ದೋಣಿ ಕಟ್ಟೆಗಿಂತ ಕೆಳಗೆ ಹೋಗುತ್ತದೆ, ಹತ್ತಿಳಿಯುವ ಹಲಗೆ ಕಡಿದಾಗಿ ನಿಲ್ಲುತ್ತದೆ. ಮೊಣಕಾಲು ನೋವಿನ ನಮ್ಮ ಸೋದರತ್ತೆ ಇಳಕಲ್ ಸೀರೆಯಲ್ಲಿ ಅದರ ಮೇಲೆ ಇಳಿಯೋದು ಹೇಗೆ ಅನ್ನೋದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ದೋಣಿಯಲ್ಲಿ ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ, ಬಡಿಸುವವರು, ವಾದ್ಯದವರು, ವಿಡಿಯೋದವರೂ ಬರುತ್ತಾರೆ. ನಮಗೋ ಮಂದಿ ಎಣಿಸಿ ಗೊತ್ತಿಲ್ಲ. ಎಷ್ಟು ಜನ ಬರ್ತೀರಿ ಅಂತ ಕೇಳಿದರೆ ಸಿಟ್ಟಾಗುತ್ತಾರೆ, ಕಾರ್ಡಿನಲ್ಲೇ ‘ಸಹಕುಟುಂಬ ಪರಿವಾರ ಸಮೇತ’ ಅಂತ ಅಚ್ಚು ಹಾಕಿಸಿರುತ್ತೇವಲ್ವಾ! ಏಳಕ್ಕೆ ಕರೆದರೆ ಎಂಟೂವರೆಗೆ ಬರೋದು ಬೇರೆ. ದೋಣಿ ಆಗ ನಡುನೀರಿನಲ್ಲಿರುತ್ತದೆ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಬರುವಾಗ ದೋಣಿ ಮಗುಚಿ 16 ಮಂದಿ ಸತ್ತರು. ಅವರಲ್ಲಿ ಹಾವೇರಿ ಕಡೆಯವರೂ ಇದ್ದರು. 2023ರ ಮೇನಲ್ಲಿ ಕೇರಳದ ತಾನೂರಿನಲ್ಲಿ ಮಿತಿಗಿಂತ ಜಾಸ್ತಿ ಜನ ತುಂಬಿದ ದೋಣಿ ಮುಳುಗಿ 22 ಜನ ಹೋದರು. ಶುಭಕಾರ್ಯದ ಮಾತಿನ ನಡುವೆ ಇದೆಲ್ಲಾ ಯಾಕೆ ಅಂತ ಹೆಂಡತಿ ಬೈದಳು. ದುಡ್ಡು ಕೊಟ್ಟು ನೂರು ಜನರನ್ನು ದೋಣಿ ಹತ್ತಿಸುವವನು ನಾನು, ನೆನಪಾಗದೇ ಇರುತ್ತದಾ?

ಹಗ್ಗ ಕಟ್ಟಿದವರ ದೋಣಿಯನ್ನೇ ಗೊತ್ತು ಮಾಡಿದ್ದೇನೆ. ಅಡುಗೆಯವರು, ವಾದ್ಯದವರು ಸೇರಿ 90 ತಲೆ. ಉಳಿದವರಿಗೆಲ್ಲಾ ಹಿಂದಿನ ದಿನ ಹುಬ್ಬಳ್ಳಿಯಲ್ಲೇ ಹೋಳಿಗೆ ಊಟ.

ನನ್ನ ಬೇಡಿಕೆ ಒಂದೇ. ಗೋವಾ ಇರಲಿ, ನಮ್ಮ ಕರಾವಳಿ ಇರಲಿ, ಬಾಡಿಗೆಗೆ ಬಿಡುವ ಪ್ರತಿ ದೋಣಿಯವರೂ ಎಷ್ಟು ಜನರ ಮಿತಿ ಅನ್ನೋದನ್ನು ಹತ್ತುವ ಕಡೆಯೇ ದೊಡ್ಡದಾಗಿ ಬರೆಸಿ ಹಾಕಲಿ. ಸಂಬಂಧಪಟ್ಟ ಇಲಾಖೆಯವರು ಮದುವೆ ಸೀಜನ್ನಿನಲ್ಲಿ ಸಂಜೆ ಹೊತ್ತು ದಡಕ್ಕೆ ಬಂದು ಒಮ್ಮೆಯಾದರೂ ತಲೆ ಎಣಿಸಲಿ.

– ವಧುವಿನ ತಂದೆ, ವಿದ್ಯಾನಗರ, ಹುಬ್ಬಳ್ಳಿ